ಒಂದೇ ಮನೆಯ ಐದು ಕಂಠ

ಮಳೆಯ ಸದ್ದು, ಹಾರ್ಪಿನ ತಂತಿಗಳ ಮೇಲೆ ಜಾರುವ ಬೆರಳು, ಹತ್ತೊಂಬತ್ತರ ಹುಡುಗನೊಬ್ಬನ ತಿಳಿಯಾದ ದನಿ. ಆ ದನಿ ನಾಲ್ಕು ಸಾಲು ಹಾಡುವಷ್ಟರಲ್ಲಿ ಅದರ ಮೇಲೆ, ಕೆಳಗೆ, ಒತ್ತಿಗೆ ಇನ್ನಷ್ಟು ದನಿಗಳು ಬಂದು ನಿಲ್ಲುತ್ತವೆ. ಹಾಡಿನ ಹೆಸರು ‘ದಿ ರೇನ್, ದಿ ಪಾರ್ಕ್ ಅಂಡ್ ಅದರ್ ಥಿಂಗ್ಸ್’. 1967ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದಲ್ಲಿ ರೇಡಿಯೊ ಹಚ್ಚಿದವರಿಗೆಲ್ಲ ಕಿವಿಗೆ ಬಿದ್ದ ಹಾಡು. ಹಾಡಿದವರು ಕೌಸಿಲ್ಸ್, ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಎಂಬ ಕಡಲತಡಿಯ ಊರಿನ ಒಂದು ಸಂಸಾರ. ಅದೇ ಹೊತ್ತಿಗೆ ಎಂಜಿಎಂ ಕಂಪನಿಯಿಂದ ಅವರ ಮೊದಲ ಆಲ್ಬಮ್ ಹೊರಬಂತು. ಅದಕ್ಕೂ ಮನೆಯದೇ ಹೆಸರು, ‘ದಿ ಕೌಸಿಲ್ಸ್’.

ಬಿಲ್, ಬಾಬ್, ಬ್ಯಾರಿ, ಜಾನ್ ಎಂಬ ನಾಲ್ವರು ಅಣ್ಣತಮ್ಮಂದಿರು, ಅವರ ತಾಯಿ ಬಾರ್ಬರಾ. ಹಿರಿಯವನಾದ ಬಿಲ್‌ಗೆ ಆಗ ಹತ್ತೊಂಬತ್ತು, ಡ್ರಮ್ ಬಾರಿಸುತ್ತಿದ್ದ ಜಾನ್‌ಗೆ ಹನ್ನೊಂದು, ತಾಯಿಗೆ ನಲವತ್ತರ ಹತ್ತಿರ. ಹುಡುಗರು ಗಿಟಾರ್ ಹಿಡಿದು ಶಾಲೆಗಳ ಕುಣಿತದ ಕೂಟಗಳಲ್ಲಿ, ಊರಿನ ಕ್ಲಬ್ಬುಗಳಲ್ಲಿ ಹಾಡಿ ಪಳಗಿದವರು. ತಾಯಿ ತಂಡಕ್ಕೆ ಸೇರಿದ್ದು ಮಾತ್ರ ಈ ಆಲ್ಬಮ್ಮಿನ ಹೊತ್ತಿಗೆ. ಅಷ್ಟು ವರ್ಷ ಮಕ್ಕಳ ಹಾಡನ್ನು ಮನೆಯೊಳಗಿಂದ ಕೇಳಿಸಿಕೊಂಡಿದ್ದ ಆಕೆ ನೇರವಾಗಿ ಸ್ಟುಡಿಯೊದ ಮೈಕಿನ ಮುಂದೆ ನಿಂತರು, ಮಕ್ಕಳ ದನಿಗೆ ತಮ್ಮದನ್ನು ಸೇರಿಸಿದರು. ಆ ಸೇರ್ಪಡೆಯಿಂದಲೇ ಈ ಆಲ್ಬಮ್ಮಿಗೆ ಅದರ ಬಣ್ಣ ಬಂತು ಎಂದು ನಾನು ನಂಬಿದ್ದೇನೆ. ಅಣ್ಣತಮ್ಮಂದಿರ ತಂಡಗಳು ಆ ಕಾಲದಲ್ಲಿ ಬೇಕಾದಷ್ಟಿದ್ದವು. ಹೆತ್ತ ತಾಯಿಯೇ ಸ್ವರವೊಂದನ್ನು ಹಿಡಿದು ಮಕ್ಕಳ ನಡುವೆ ನಿಂತ ಪಾಪ್ ತಂಡ ಅಪರೂಪ.

ನಾನು ಇದನ್ನು ಕೇಳಿದ್ದು ಅದು ಬಂದ ಎಷ್ಟೋ ವರ್ಷದ ಮೇಲೆ, ಗೆಳೆಯನೊಬ್ಬ ಎಲ್‌ಪಿಯಿಂದ ಕ್ಯಾಸೆಟ್ಟಿಗೆ ಇಳಿಸಿ ಕೊಟ್ಟಾಗ. ಇಂಗ್ಲಿಷ್ ಹಾಡಿನ ಮಾತು ಪೂರ್ತಿ ಹಿಡಿಯುವಷ್ಟು ಕಿವಿ ಆಗಿನ್ನೂ ಪಳಗಿರಲಿಲ್ಲ. ಆದರೂ ಇಲ್ಲಿ ಹಾಡುತ್ತಿರುವವರು ಒಬ್ಬರಿಗೊಬ್ಬರು ಹೊಸಬರಲ್ಲ ಎಂಬುದು ತಿಳಿಯುತ್ತಿತ್ತು. ಒಬ್ಬ ಉಸಿರು ತೆಗೆದುಕೊಳ್ಳುವ ಕಡೆ ಇನ್ನೊಬ್ಬನೂ ತೆಗೆದುಕೊಳ್ಳುತ್ತಾನೆ. ಒಬ್ಬ ಪದದ ಕೊನೆಯನ್ನು ಮೊಟಕಾಗಿ ಬಿಟ್ಟರೆ ಮಿಕ್ಕವರೂ ಅಷ್ಟಕ್ಕೇ ಬಿಡುತ್ತಾರೆ. ಯಾರೂ ಕಣ್ಣು ಸನ್ನೆ ಮಾಡಿ ಹೇಳಿಕೊಟ್ಟಂತೆ ಅನ್ನಿಸುವುದಿಲ್ಲ.

ನಮ್ಮ ಕಡೆಯ ಕಿವಿಗೆ ಇದು ಅಪರಿಚಿತವೇನೂ ಅಲ್ಲ. ರುದ್ರಪಟ್ಟಣಂ ಸಹೋದರರ ಕಛೇರಿ ಕೇಳಿದವರಿಗೆ, ಬೆಂಗಳೂರು ಸಹೋದರಿಯರನ್ನು ಕೇಳಿದವರಿಗೆ ಗೊತ್ತು: ಒಡಹುಟ್ಟಿದವರ ಎರಡು ಕಂಠ ಒಂದು ಸ್ವರದ ಮೇಲೆ ನಿಂತಾಗ ನಡುವೆ ಬಿರುಕೇ ಕಾಣದು. ಆದರೆ ನಮ್ಮಲ್ಲಿ ಇಬ್ಬರೂ ಹಾಡುವುದು ಒಂದೇ ಸ್ವರ. ಕೌಸಿಲ್ಸ್ ಹುಡುಗರು ಮಾಡುತ್ತಿದ್ದುದು ಬೇರೆ. ಒಬ್ಬ ಷಡ್ಜದಲ್ಲಿದ್ದಾಗ ಇನ್ನೊಬ್ಬ ಗಾಂಧಾರದಲ್ಲಿ, ಮತ್ತೊಬ್ಬ ಪಂಚಮದಲ್ಲಿ; ಮೂವರೂ ಒಂದೇ ಪದವನ್ನು ಒಂದೇ ಕ್ಷಣದಲ್ಲಿ ಹೇಳುತ್ತ, ಹಾಡು ಸರಿದಂತೆ ಮೂವರೂ ಒಟ್ಟಿಗೆ ಸರಿಯುವುದು. ಇದೇ ಹಾರ್ಮನಿ. ಇದರಲ್ಲಿ ತಪ್ಪು ಅಡಗಿಸಿಕೊಳ್ಳಲು ಜಾಗವಿಲ್ಲ. ಮೂರು ಜನ ‘ಆ’ ಎಂಬ ಸ್ವರಾಕ್ಷರವನ್ನು ಮೂರು ರೀತಿ ಬಾಯಿ ತೆರೆದು ಹೇಳಿದರೆ ಶ್ರುತಿ ಸರಿಯಿದ್ದರೂ ದನಿಗಳು ಬೆರೆಯುವುದಿಲ್ಲ. ಒಂದೇ ಮನೆಯಲ್ಲಿ ಬೆಳೆದವರ ಬಾಯಿ, ಗಂಟಲು, ಅಂಗುಳ ಹೆಚ್ಚೂಕಡಿಮೆ ಒಂದೇ ಅಚ್ಚಿನವು. ಮಾತು ಕಲಿತದ್ದು ಒಬ್ಬಳೇ ತಾಯಿಯಿಂದ. ಸ್ವರಾಕ್ಷರಗಳು ತಾವಾಗಿ ಒಂದರೊಳಗೊಂದು ಕೂರುತ್ತವೆ. ಅಮೆರಿಕದ ಹಾಡುಗಾರರು ಇದನ್ನು ರಕ್ತದ ಹಾರ್ಮನಿ ಎಂದು ಕರೆಯುತ್ತಾರೆ. ಎವರ್ಲಿ ಸಹೋದರರಲ್ಲಿ ಅದಿತ್ತು, ಬೀಚ್ ಬಾಯ್ಸ್‌ನ ವಿಲ್ಸನ್ ಅಣ್ಣತಮ್ಮಂದಿರಲ್ಲಿತ್ತು, ಬೀ ಜೀಸ್‌ನಲ್ಲಿತ್ತು.

ಇನ್ನೊಂದು ಸೂಕ್ಷ್ಮವಿದೆ, ನಮ್ಮ ಸಂಗೀತ ಬಲ್ಲವರು ಅದನ್ನು ಬೇಗ ಹಿಡಿಯುತ್ತಾರೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯನ್ನು ಮೀಟುತ್ತ ಕುಳಿತರೆ ಯಾರೂ ಮೀಟದ ಗಾಂಧಾರವೊಂದು ತಾನೇ ಕೇಳಿಸುತ್ತದೆ. ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಪಿಯಾನೊದ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಮೇಲಿದೆ, ಅಂದರೆ ಅರ್ಧಸ್ವರದ ಏಳನೇ ಒಂದು ಭಾಗದಷ್ಟು. ವಾದ್ಯವನ್ನು ಮರೆತು ಒಬ್ಬರನ್ನೊಬ್ಬರು ಕೇಳಿಸಿಕೊಂಡು ಹಾಡುವವರು ತಮಗೆ ಅರಿವಿಲ್ಲದೆ ಪಿಯಾನೊದ ಗಾಂಧಾರ ಬಿಟ್ಟು ತಂಬೂರಿಯ ಗಾಂಧಾರದ ಕಡೆ ಇಳಿಯುತ್ತಾರೆ. ಆಗ ದನಿಗಳ ನಡುವಿನ ಕಂಪನ ಅಡಗಿ, ಎಲ್ಲ ಸೇರಿ ಒಂದೇ ಗಂಟೆಯ ನಾದದಂತೆ ಮೊಳಗುತ್ತದೆ. ಮನೆಯಲ್ಲಿ ಕೂತು ವರ್ಷಗಟ್ಟಲೆ ಒಟ್ಟಿಗೆ ಹಾಡಿದವರಿಗೆ ಇದು ಬಲುಬೇಗ ಕೂಡಿಬರುತ್ತದೆ.

ಆಲ್ಬಮ್ಮಿನ ಹಾಡುಗಳೆಲ್ಲ ಒಂದೇ ತೂಕದವು ಎಂದು ಹೇಳಲಾರೆ. ಕೆಲವು ಆ ಕಾಲದ ಪಾಪ್ ಅಂಗಡಿಯ ಸಾಮಾನ್ಯ ಸರಕು. ‘ಗೆಟಿಂಗ್ ಇಂಟು ದಟ್ ಸನ್ನಿ ಸನ್ನಿ ಫೀಲಿಂಗ್’ ಎಂಬುದರ ಹೆಸರಿನಲ್ಲೇ ಎಲ್ಲ ಬಿಸಿಲೂ ಮುಗಿದುಹೋಗಿದೆ. ಆದರೆ ‘ರಿವರ್ ಬ್ಲೂ’, ‘ಪೆನ್ನೀಸ್’ ಎಂಬ ಸಣ್ಣ ಹಾಡುಗಳಲ್ಲಿ ಹುಡುಗರ ದನಿ ಅಲಂಕಾರಗಳ ಭಾರವಿಲ್ಲದೆ ಕೇಳಿಸುತ್ತದೆ. ನನಗೆ ಈಗಲೂ ಹೆಚ್ಚು ಪ್ರೀತಿ ಆ ಸಣ್ಣ ಹಾಡುಗಳ ಮೇಲೆಯೇ. ಇನ್ನು ಮಳೆಯ ಹಾಡಿನ ಕತೆ ಎಲ್ಲರಿಗೂ ಗೊತ್ತಿರುವಂಥದು: ಉದ್ಯಾನದಲ್ಲಿ ಮಳೆಗೆ ನೆನೆಯುತ್ತ ಕೂತ ಹುಡುಗಿ, ತಲೆತುಂಬ ಹೂ, ಬಿಸಿಲು ಬಂದಾಗ ಅವಳಿಲ್ಲ, ಕನಸೋ ನಿಜವೋ ತಿಳಿಯದು. ಬರೆದವರು ಆರ್ಟಿ ಕಾರ್ನ್‌ಫೆಲ್ಡ್ ಮತ್ತು ಸ್ಟೀವ್ ಡ್ಯುಬಾಫ್. ಆಲ್ಬಮ್ಮಿನ ನಿರ್ಮಾಪಕರೂ ಕಾರ್ನ್‌ಫೆಲ್ಡ್. ಎರಡೇ ವರ್ಷದ ಮೇಲೆ, 1969ರಲ್ಲಿ, ಹೂ ಮುಡಿದ ಯುವಜನರ ವುಡ್‌ಸ್ಟಾಕ್ ಸಂಗೀತೋತ್ಸವವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಕೌಸಿಲ್ಸ್ ಸಂಸಾರವನ್ನು ಹಾಲು ಕುಡಿಯುವ ಮಕ್ಕಳ ತಂಡ ಎಂದು ಬದಿಗೆ ಸರಿಸುವವರು ಇದನ್ನು ನೆನೆಯಬೇಕು. ಆ ಹುಡುಗಿಯ ತಲೆಯಲ್ಲಿದ್ದ ಹೂವಿಗೂ ವುಡ್‌ಸ್ಟಾಕ್‌ನ ಹೂವಿಗೂ ನೀರೆರೆದ ಕೈ ಒಂದೇ.

ಹಾಲಿನ ಮಾತು ಸುಮ್ಮನೆ ಬಂದದ್ದಲ್ಲ. ಅಮೆರಿಕದ ಡೈರಿ ಒಕ್ಕೂಟ ಈ ಸಂಸಾರವನ್ನು ಹಾಲಿನ ಪ್ರಚಾರಕ್ಕೆ ಬಳಸಿಕೊಂಡಿತು. ಹಾಲಿನ ಲೋಟ ಹಿಡಿದು ನಗುವ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ರಾಕ್ ಸಂಗೀತ ಬಂಡಾಯದ ಮಾತಾಡುತ್ತಿದ್ದ ಆ ವರ್ಷಗಳಲ್ಲಿ ತಾಯಿಯ ಜೊತೆ ನಿಂತು ನಗುತ್ತ ಹಾಡುವವರನ್ನು ವಿಮರ್ಶಕರು ಗಂಭೀರವಾಗಿ ನೋಡಲಿಲ್ಲ. ಜನ ಕೇಳಿದರು. ಹಾಡು ಹತ್ತು ಲಕ್ಷ ಪ್ರತಿ ದಾಟಿತು, ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಮೊದಲ ಸ್ಥಾನ ಸಿಗದಂತೆ ತಡೆದದ್ದು ಟಿವಿ ಧಾರಾವಾಹಿಗೆಂದೇ ಆಯ್ದು ಜೋಡಿಸಿದ ಮಂಕೀಸ್ ತಂಡದ ಹಾಡು. ಮುಂದಿನ ವರ್ಷ ಪುಟ್ಟ ತಂಗಿ ಸೂಸನ್, ಇನ್ನೊಬ್ಬ ಅಣ್ಣ ಪಾಲ್ ಸೇರಿಕೊಂಡರು. ‘ಇಂಡಿಯನ್ ಲೇಕ್’ ಮೊದಲ ಹತ್ತರೊಳಗೆ ಬಂತು. 1969ರಲ್ಲಿ ‘ಹೇರ್’ ಮತ್ತೆ ಎರಡನೇ ಸ್ಥಾನ ಮುಟ್ಟಿತು.

ಮುಂದಿನದನ್ನು ಹೇಳುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಹಾಡುವ ಸಂಸಾರ ಎಂಬ ಈ ಕತೆ ಟಿವಿಯವರಿಗೆ ಹಿಡಿಸಿತು. ತಾಯಿ ಮತ್ತು ಮಕ್ಕಳು ಸೇರಿ ಪಾಪ್ ತಂಡ ಕಟ್ಟುವ ‘ದಿ ಪಾರ್ಟ್ರಿಜ್ ಫ್ಯಾಮಿಲಿ’ ಧಾರಾವಾಹಿ 1970ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಅದರ ಬೀಜ ಕೌಸಿಲ್ಸ್ ಮನೆಯೇ. ಆದರೆ ಬಾರ್ಬರಾಗೆ ತಾಯಿಯ ಪಾತ್ರ ಸಿಗಲಿಲ್ಲ. ಅದು ನಟಿ ಶರ್ಲಿ ಜೋನ್ಸ್‌ಗೆ ಹೋಯಿತು, ಮಕ್ಕಳಾಗಿ ಎಳೆಯ ನಟರು ಬಂದರು. ಹಾಡುಗಳಲ್ಲಿ ಶರ್ಲಿ ಜೋನ್ಸ್, ಹಿರಿಯ ಮಗನ ಪಾತ್ರದ ಡೇವಿಡ್ ಕ್ಯಾಸಿಡಿ ಇಬ್ಬರನ್ನು ಬಿಟ್ಟರೆ ಉಳಿದ ಸಂಸಾರದ ದನಿಯೆಲ್ಲ ಸ್ಟುಡಿಯೊಗೆ ಕರೆಸಿದ ವೃತ್ತಿ ಹಾಡುಗಾರರದು. ನುರಿತವರು, ಶ್ರುತಿಶುದ್ಧವಾಗಿ ಹಾಡಿದವರು. ಅವರ ಕೆಲಸವನ್ನು ನಾನು ಹೀಗಳೆಯುವುದಿಲ್ಲ. ಆದರೆ ಅಂದಿನಿಂದ ಜನರ ನೆನಪಿನಲ್ಲಿ ಹಾಡುವ ಸಂಸಾರ ಎಂದರೆ ಪಾರ್ಟ್ರಿಜ್ ಸಂಸಾರವೇ ಆಗಿಹೋಯಿತು. ನಿಜವಾದ ಮನೆಯವರ ಪರಿಚಯ ಮಾಡಿಕೊಡಬೇಕಾದಾಗ ಆ ಧಾರಾವಾಹಿಗೆ ಸ್ಫೂರ್ತಿಯಾದವರು ಎಂದು ಹೇಳಬೇಕಾಗಿ ಬಂತು. ಒಡಹುಟ್ಟಿದವರ ದನಿಯ ಜಾಗಕ್ಕೆ ಒಡಹುಟ್ಟಿದವರಂತೆ ಕೇಳಿಸುವ ದನಿ ಬಂದು ಕೂತದ್ದು ಹೀಗೆ. ಕೇಳುಗರಲ್ಲಿ ಹೆಚ್ಚಿನವರಿಗೆ ವ್ಯತ್ಯಾಸ ಬೇಕಾಗಲೂ ಇಲ್ಲ.

ಮನೆಯೊಳಗಿನ ಕತೆ ಹಾಲಿನ ಜಾಹೀರಾತಿನಂತಿರಲಿಲ್ಲ. ತಂದೆ ಬಡ್ ಕೌಸಿಲ್ ನೌಕಾಪಡೆಯಲ್ಲಿ ಕೆಲಸ ಮಾಡಿದವರು, ತಂಡದ ವ್ಯವಸ್ಥಾಪಕರೂ ಅವರೇ. ಕುಡಿತ, ಹೊಡೆತ, ಕೈಮೀರಿದ ಸಿಟ್ಟು. 2011ರ ‘ಫ್ಯಾಮಿಲಿ ಬ್ಯಾಂಡ್’ ಎಂಬ ಸಾಕ್ಷ್ಯಚಿತ್ರದಲ್ಲಿ ಮಕ್ಕಳೇ ಇದನ್ನೆಲ್ಲ ಬಾಯಿಬಿಟ್ಟು ಹೇಳಿದ್ದಾರೆ. ಬಾಬ್‌ನ ಅವಳಿ ಸಹೋದರ ರಿಚರ್ಡ್‌ನನ್ನು ತಂದೆ ತಂಡದೊಳಗೆ ಬಿಟ್ಟುಕೊಳ್ಳಲೇ ಇಲ್ಲ. ಮನೆಯವರೆಲ್ಲ ವೇದಿಕೆ ಏರಿದಾಗ ಅವನು ಹೊರಗುಳಿದ. ಮುಂದೆ ಸೈನ್ಯ ಸೇರಿ ವಿಯೆಟ್ನಾಂಗೆ ಹೋದ. ಆ ಮಳೆಯ ಹಾಡಿನಲ್ಲಿ ಇನ್ನೊಂದು ಕಂಠಕ್ಕೆ ಜಾಗವಿತ್ತು, ಆ ಕಂಠವೂ ಅದೇ ಮನೆಯಲ್ಲಿತ್ತು ಎಂಬುದು ತಿಳಿದ ಮೇಲೆ ನನಗೆ ಆ ಹಾಡನ್ನು ಮೊದಲಿನಷ್ಟು ಹಗುರವಾಗಿ ಕೇಳಲು ಆಗಿಲ್ಲ. 1969ರಲ್ಲಿ ತಂದೆ ಬಿಲ್‌ನನ್ನೇ ತಂಡದಿಂದ ಹೊರಹಾಕಿದರು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ತಂಡ ಒಡೆಯಿತು. ದುಡಿದ ಹಣ ಮಕ್ಕಳ ಕೈಗೆ ಸಿಗಲಿಲ್ಲ.

ಇದನ್ನು ಓದಿದವರು, ಹಾಗಾದರೆ ಆ ಹಾಡುಗಳ ಸಂತೋಷವೆಲ್ಲ ಸುಳ್ಳು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಭಯವಿರುವ ಮನೆಯಲ್ಲಿ ಮಕ್ಕಳು ಒಬ್ಬರಿಗೊಬ್ಬರು ಆತುಕೊಳ್ಳುತ್ತಾರೆ. ಅಪ್ಪನ ಹೆಜ್ಜೆಯ ಸದ್ದನ್ನು ಗುರುತಿಸಲು ಕಲಿತ ಕಿವಿಗಳೇ ತಮ್ಮನ ದನಿಯಲ್ಲಿನ ಸಣ್ಣ ಏರಿಳಿತವನ್ನೂ ಗುರುತಿಸುತ್ತವೆ. ಸ್ಟುಡಿಯೊದಲ್ಲಿ ಹಾಡುವ ಆ ಮೂರು ನಿಮಿಷ ಹುಡುಗರ ಕೈಯಲ್ಲೇ ಇತ್ತು, ಅಲ್ಲಿ ಸಿಟ್ಟಿಗೆ ಪ್ರವೇಶವಿರಲಿಲ್ಲ. ನಟನೆಯಿಂದ ಮುಖದ ಮೇಲೆ ನಗು ತರಿಸಬಹುದು. ಐದು ದನಿಗಳನ್ನು ಹಾಗೆ ಒಂದಾಗಿಸಲು ಬರುವುದಿಲ್ಲ. ಅವರ ಫೋಟೊಗಳನ್ನು ಬೇಕಾದರೆ ಅನುಮಾನಿಸೋಣ. ಹಾಡನ್ನು ಅನುಮಾನಿಸಲು ನನ್ನ ಬಳಿ ಕಾರಣವಿಲ್ಲ.

ಆಮೇಲೆ ಆ ಕಂಠಗಳು ಒಂದೊಂದಾಗಿ ನಿಂತವು. ಬಾರ್ಬರಾ 1985ರಲ್ಲಿ ತೀರಿಕೊಂಡರು. ಬ್ಯಾರಿ ನ್ಯೂ ಆರ್ಲಿಯನ್ಸ್‌ನಲ್ಲಿದ್ದ. 2005ರ ಆಗಸ್ಟ್ ಕೊನೆಗೆ ಕತ್ರಿನಾ ಚಂಡಮಾರುತ ಬಂದಾಗ ಊರು ಬಿಡಲಿಲ್ಲ. ಸೆಪ್ಟೆಂಬರ್ 1ರಂದು ತಂಗಿ ಸೂಸನ್‌ಳ ಫೋನಿಗೆ ಸಂದೇಶ ಬಿಟ್ಟದ್ದೇ ಕೊನೆ, ಮತ್ತೆ ಸುಳಿವಿಲ್ಲ. ಮನೆಯವರು ತಿಂಗಳುಗಟ್ಟಲೆ ಹುಡುಕಿದರು. ಆ ಡಿಸೆಂಬರಿನ ಕೊನೆಯ ವಾರದಲ್ಲಿ ನದಿ ದಂಡೆಯ ಹಡಗುಕಟ್ಟೆಯೊಂದರ ಬಳಿ ಅವನ ದೇಹ ಸಿಕ್ಕಿತು. ಮರುವರ್ಷ ಫೆಬ್ರವರಿಯಲ್ಲಿ ಅವನ ನೆನಪಿಗೆಂದು ಸಂಸಾರವೆಲ್ಲ ನ್ಯೂಪೋರ್ಟ್‌ನಲ್ಲಿ ಸೇರಿದ್ದಾಗಲೇ ಕೆನಡಾದ ಕ್ಯಾಲ್ಗರಿಯಿಂದ ಬಿಲ್ ತೀರಿಕೊಂಡ ಸುದ್ದಿ ಬಂತು. ರಿಚರ್ಡ್ 2014ರಲ್ಲಿ ಹೋದ. ಜಾನ್ ಬಹಳ ವರ್ಷ ಬೀಚ್ ಬಾಯ್ಸ್ ತಂಡದ ಜೊತೆ ಊರೂರು ಸುತ್ತಿ ಡ್ರಮ್ ಬಾರಿಸಿದ. 2022ರಲ್ಲಿ ಬಾಬ್, ಪಾಲ್, ಸೂಸನ್ ಮೂವರು ಸೇರಿ ‘ರಿದಮ್ ಆಫ್ ದಿ ವರ್ಲ್ಡ್’ ಎಂಬ ಹೊಸ ಆಲ್ಬಮ್ ತಂದರು. ದನಿಗೆ ವಯಸ್ಸಾಗಿದೆ, ಬೆರೆಯುವ ರೀತಿ ಅದೇ. ಕೇಳಿ ಖುಷಿಪಟ್ಟೆ. ಆದರೆ ಇವರ ನಂತರ ಈ ಬಗೆಯಲ್ಲಿ ಹಾಡುವವರು ಯಾರು ಎಂಬ ಯೋಚನೆಯೂ ಜೊತೆಗೇ ಬಂತು.

ಏಕೆಂದರೆ ಹಾಡುವವರಷ್ಟೇ ಅಲ್ಲ, ಆ ಬಗೆಯ ಹಾಡುಗಾರಿಕೆ ಹುಟ್ಟುವ ದಾರಿಯೇ ಮುಚ್ಚುತ್ತಿದೆ. ಆಟೊ-ಟ್ಯೂನ್ ಎಂಬ ತಂತ್ರಾಂಶ 1997ರಲ್ಲಿ ಬಂತು. ಹಾಡಿದವರ ಸ್ವರ ತುಸು ಆಚೀಚೆ ಇದ್ದರೆ ಅದನ್ನು ಎಳೆದು ಹತ್ತಿರದ ‘ಸರಿಯಾದ’ ಸ್ವರಕ್ಕೆ ಕೂರಿಸುವುದು ಅದರ ಕೆಲಸ. ಆ ಸರಿಯಾದ ಸ್ವರ ಯಾವುದು? ಸಾಮಾನ್ಯವಾಗಿ ಪಿಯಾನೊದ್ದು. ಒಬ್ಬರನ್ನೊಬ್ಬರು ಕೇಳಿಸಿಕೊಂಡು ತಂಬೂರಿಯ ಗಾಂಧಾರಕ್ಕೆ ಇಳಿದ ದನಿಯನ್ನು ಅದು ತಪ್ಪು ಎಂದು ತಿಳಿದು ಮೇಲೆತ್ತುತ್ತದೆ. ಪ್ರತಿಯೊಂದು ದನಿಯೂ ಪಟ್ಟಿಗೆ ಸರಿಹೋಗುತ್ತದೆ, ದನಿಗಳ ನಡುವಿನ ಒಪ್ಪಂದ ಅಳಿಸಿಹೋಗುತ್ತದೆ. ಈಗಂತೂ ಒಬ್ಬಳೇ ಗಾಯಕಿ ಮಲಗುವ ಕೋಣೆಯಲ್ಲಿ ಕೂತು ತನ್ನ ದನಿಯನ್ನೇ ನಾಲ್ಕಾರು ಪದರ ಹಾಡಿ ಜೋಡಿಸಬಹುದು. ಅದರಲ್ಲೂ ಚೆಲುವಿದೆ. ಆದರೆ ಅಲ್ಲಿ ಯಾರೂ ಯಾರಿಗೂ ದಾರಿ ಬಿಡಬೇಕಿಲ್ಲ. ಬ್ಯಾರಿಯ ದನಿ ಸಣ್ಣದಾದ ಕಡೆ ಬಾಬ್ ತನ್ನದನ್ನು ತಗ್ಗಿಸುವ, ತಾಯಿ ಮೆಲ್ಲಗೆ ಒಳಬಂದು ಮೇಲಿನ ಸ್ವರ ಹಿಡಿಯುವ ಹೊಂದಾಣಿಕೆಗೆ ಇಬ್ಬರಾದರೂ ಒಂದೇ ಕೋಣೆಯಲ್ಲಿ ಉಸಿರಾಡಬೇಕು.

ಆ ಕೋಣೆಯೂ ಈಗ ಬರಿದು. ನಮ್ಮ ಮನೆಯಲ್ಲಿ ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ ಮೂವರೂ ಒಟ್ಟಿಗಿದ್ದ ದಿನ ಸಂಜೆ ದೀಪ ಹಚ್ಚಿದ ಮೇಲೆ ದೇವರನಾಮ ಹೇಳುತ್ತಿದ್ದರು. ನಡುಮನೆಯಿಂದ ಕೇಳಿದರೆ ಹಾಡುತ್ತಿರುವುದು ಯಾರು ಎಂದು ಹೇಳಲು ಆಗುತ್ತಿರಲಿಲ್ಲ. ಹಾರ್ಮನಿ ಏನಿಲ್ಲ, ಒಂದೇ ಸ್ವರ. ಆದರೂ ಮೂವರು ಅಕ್ಕತಂಗಿಯರ ಗಂಟಲಲ್ಲಿ ಕೌಸಿಲ್ಸ್ ಹುಡುಗರದೇ ಗುಣವಿತ್ತು ಎಂದು ಈಗ ಹೊಳೆಯುತ್ತದೆ. ನಮ್ಮ ಮಕ್ಕಳಿಗೆ ಸಂಗೀತದ ತರಗತಿ ಇದೆ, ಆ್ಯಪ್ ಇದೆ, ಕಿವಿಗೆ ಒಬ್ಬೊಬ್ಬರಿಗೂ ಬೇರೆ ಇಯರ್‌ಫೋನ್ ಇದೆ. ಮನೆಯವರೆಲ್ಲ ಕೂತು ಒಂದು ಹಾಡು ಹೇಳುವ ಹೊತ್ತು ಮಾತ್ರ ಇಲ್ಲ. ಅಮೆರಿಕದ ಮನೆಗಳೂ ಹೀಗೇ ಆಗಿವೆ ಎಂದು ಅಲ್ಲಿರುವ ನೆಂಟರು ಹೇಳುತ್ತಾರೆ.

ಆಲ್ಬಮ್ಮಿಗೂ ಅದೇ ಗತಿ. ಹಾಡು ಒದಗಿಸುವ ಆ್ಯಪ್‌ಗಳಲ್ಲಿ ಅದು ಸಿಗುತ್ತದೆ ನಿಜ. ಆದರೆ ಅರವತ್ತರ ದಶಕದ ಹಾಡುಗಳ ಪಟ್ಟಿಗಳಲ್ಲಿ ತೇಲಿಬರುವುದು ಮಳೆಯ ಹಾಡೊಂದೇ. 1994ರ ‘ಡಂಬ್ ಅಂಡ್ ಡಂಬರ್’ ಎಂಬ ಹಾಸ್ಯಚಿತ್ರದಲ್ಲಿ ಅದನ್ನು ಬಳಸಿದ್ದರಿಂದ ಹೊಸ ತಲೆಮಾರಿಗೆ ಅದು ಆ ಸಿನಿಮಾದ ಹಾಡು. ‘ರಿವರ್ ಬ್ಲೂ’ ಯಾವ ಪಟ್ಟಿಯಲ್ಲೂ ಕಾಣದು. ಎಲ್‌ಪಿಯಲ್ಲಿ ಮೊದಲ ಹಾಡಿಗಾಗಿ ಸೂಜಿ ಇಟ್ಟವರು ಏಳಲು ಬೇಸರಪಟ್ಟಾದರೂ ಉಳಿದವನ್ನು ಕೇಳುತ್ತಿದ್ದರು. ಹಾಗೆ ಕೇಳಿದ್ದರಿಂದಲೇ ಆ ಸಣ್ಣ ಹಾಡುಗಳು ಅಷ್ಟು ಕಾಲ ಬದುಕಿದ್ದವು.

1967ರಲ್ಲಿ ಈ ಆಲ್ಬಮ್ಮಿಗೆ ಹಾಡಿದ ಐವರಲ್ಲಿ ಬಾರ್ಬರಾ, ಬ್ಯಾರಿ, ಬಿಲ್ ಮೂವರು ಈಗಿಲ್ಲ. ಓದುವ ನಿಮ್ಮಲ್ಲಿ ಎರಡು ಕೇಳಿಕೆ. ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ, ನಡುವೆ ಹಾಡು ಹಾರಿಸದೆ, ಮನೆಯವರೆಲ್ಲರಿಗೂ ಕೇಳುವಂತೆ ಸ್ಪೀಕರಿನಲ್ಲಿ ಹಾಕಿ ಕೇಳಿ. ಮತ್ತು ನಿಮ್ಮ ಮನೆಯಲ್ಲಿ ಅಕ್ಕತಂಗಿಯರೋ ಅಣ್ಣತಮ್ಮಂದಿರೋ ಅಮ್ಮನೊಂದಿಗೆ ಕೂತು ಹಾಡುವುದು ಇನ್ನೂ ಉಳಿದಿದ್ದರೆ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಯಾರ ದನಿಯನ್ನೂ ಸರಿಪಡಿಸಲು ಹೋಗಬೇಡಿ.